ಬಾಲಾಂಧತ್ವದ ಕಾರಣ: ಮಾತೃದೋಷವೋ ಬೀಜದೋಷವೋ

ವ್ಯಾಸರ ರೂಪವನ್ನು ಕಂಡು ಅಂಜಿ ಅಂಬಿಕೆಯು ಕಣ್ಣು ಮುಚ್ಚಿದ ಕಾರಣ ಧೃತರಾಷ್ಟ್ರನು ಜನ್ಮಾಂಧನಾದನೆಂಬ ಭಾರತಕಥೆಯು ವಾಚಕರಿಗೆ ವಿದಿತವಾದುದೇ. ಜೈಮಿನಿಭಾರತದ ಕರ್ತೃವಾದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂದು ಅನೇಕ ವಿದ್ವಾಂಸರ ಮತವಷ್ಟೆ. ಕಡೂರು, ತರೀಕೆರೆ, ಅಜ್ಜಂಪುರಗಳ ಈ ಸೀಮೆಯಲ್ಲಿ ಭಾರತಕಥೆಯನ್ನು ಕೇಳದವರು ವಿರಳ. ಮಗುವಿನ ಕಣ್ಣು ಕೆಟ್ಟರೆ ಮೊದಲು ತಾಯಿಯನ್ನೇ ದೂರುವ ಲೋಕದ ಬುದ್ಧಿಗೆ ಇಂತಹ ಕಥೆಗಳು ಒತ್ತಾಸೆಯಾಗಬಲ್ಲವು. ಆ ದೂರು ನ್ಯಾಯವೇ ಎಂಬುದನ್ನು, ಮಕ್ಕಳ ದೃಷ್ಟಿಯನ್ನು ಕಳೆಯುವ ಒಂದು ವಂಶರೋಗದ ಇತಿಹಾಸದಿಂದ ಇಲ್ಲಿ ವಿಚಾರಿಸಲಾಗುವುದು.

ನಮ್ಮ ವೈದ್ಯಶಾಸ್ತ್ರದಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳುಂಟು. ಸುಶ್ರುತನು ಶುಕ್ರಶೋಣಿತದೋಷದಿಂದ ಬರುವ ರೋಗಗಳನ್ನು ಬೇರೆಯಾಗಿ ಎಣಿಸಿದರೂ, ಹುಟ್ಟುಗುರುಡನ್ನು ತಾಯಿಯ ಅಪಚಾರದಿಂದಾಗುವ ಜನ್ಮಬಲಪ್ರವೃತ್ತಗಳಲ್ಲಿ ಸೇರಿಸಿದ್ದಾನೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿಯಾದರೋ ಭರದ್ವಾಜನು, ಕುರುಡರ ಮಕ್ಕಳು ಕುರುಡರಾಗದಿರುವುದೇಕೆಂದು ಆಕ್ಷೇಪಿಸುತ್ತಾನೆ. ಅದಕ್ಕೆ ಆತ್ರೇಯನು, ಬೀಜದಲ್ಲಿ ಯಾವ ಅವಯವದ ಭಾಗವು ಕೆಟ್ಟಿರುವುದೋ ಆ ಅವಯವವೇ ವಿಕಾರಗೊಳ್ಳುವುದೆಂದು ಸಮಾಧಾನ ಹೇಳುತ್ತಾನೆ. ಇಂದ್ರಿಯಗಳ ವಿಷಯದಲ್ಲಿ ಅವನು ದೈವವನ್ನೂ ಕಾರಣವಾಗಿ ಹೇಳಿರುವುದುಂಟು. ಚರಕನ ಬೀಜಭಾಗವೂ ಈಗಿನವರು ಜೀನ್ ಎನ್ನುವುದೂ ಒಂದೇ ಎಂದು ಸಾಧಿಸಹೊರಡುವುದು ಸಾಹಸವೇ ಸರಿ. ಆದರೂ ಪ್ರಶ್ನೆಯನ್ನು ಅವನು ಸರಿಯಾದ ಸ್ಥಾನದಲ್ಲಿಟ್ಟನೆಂಬುದು ನಿಸ್ಸಂಶಯ.

ಇನ್ನು ಪ್ರಕೃತ ರೋಗದ ಚರಿತ್ರೆ. 1826ರಲ್ಲಿ ನಾರ್ವೆ ದೇಶದ ರೋರೋಸ್ ಎಂಬ ಗಣಿಯೂರಿನ ವೈದ್ಯ ಸ್ಟೆಂಗೆಲ್ಲನು, ಒಂದೇ ಮನೆಯ ನಾಲ್ವರು ಮಕ್ಕಳು ಚೆನ್ನಾಗಿ ಬೆಳೆಯುತ್ತಿದ್ದು ಬಳಿಕ ದೃಷ್ಟಿಯನ್ನೂ ಬುದ್ಧಿಯನ್ನೂ ಕಳೆದುಕೊಂಡುದನ್ನು ವರ್ಣಿಸಿದನು. 1903ರಲ್ಲಿ ಲಂಡನ್ನಿನ ಬ್ಯಾಟೆನ್ ಎಂಬ ವೈದ್ಯನು ಒಂದು ಕುಟುಂಬದ ಇಬ್ಬರಲ್ಲಿ ಇಂತಹುದೇ ವ್ಯಾಧಿಯನ್ನು ಕಂಡನು. ರೋಗಕ್ಕೆ ಅವನ ಹೆಸರೇ ನಿಂತಿತು. ಇದರ ಪ್ರಸಿದ್ಧ ಪ್ರಭೇದದಲ್ಲಿ ಮಗುವು ಕಣ್ಣುಳ್ಳದ್ದಾಗಿಯೇ ಹುಟ್ಟಿ, ಸುಮಾರು 4ರಿಂದ 10 ವರ್ಷಗಳೊಳಗೆ ದೃಷ್ಟಿಮಾಂದ್ಯವನ್ನು ಹೊಂದುವುದು. ಅನಂತರ ಅಪಸ್ಮಾರ, ಮಾತಿನ ತೊಡಕು, ನಡಿಗೆಯ ತಡವರಿಕೆಗಳು ಬಂದು ಅಕಾಲಮರಣವು ಸಂಭವಿಸುವುದು. ತಾಯಿತಂದೆಗಳಿಬ್ಬರೂ ಆರೋಗ್ಯವಂತರಾಗಿದ್ದೇ ದೋಷವನ್ನು ಒಂದೊಂದು ಪಾಲು ಗುಪ್ತವಾಗಿ ಹೊತ್ತಿರುವರೆಂಬುದನ್ನು 1931ರಲ್ಲಿ ಸ್ವೀಡನ್ನಿನ ಶೋಗ್ರೆನ್ ವಂಶಾವಳಿಗಳಿಂದ ತೋರಿಸಿದನು. ಆ ಪ್ರಭೇದದ ಬೀಜಭಾಗವು, ಎಂದರೆ ಸಿ.ಎಲ್.ಎನ್. 3 ಎಂಬ ಜೀನು, 1995ರಲ್ಲಿ ಗೊತ್ತಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರೂ ಈ ರೋಗವರ್ಗವನ್ನು ನಮ್ಮ ನಾಡಿನಲ್ಲಿ ಗುರುತಿಸಿ 2004ರಲ್ಲಿ ಲೇಖನವನ್ನು ಪ್ರಕಟಿಸಿದ್ದಾರೆ.

ಆ ಜೀನನ್ನು ಬುದ್ಧಿಪೂರ್ವಕವಾಗಿ ಕೆಡಿಸಿದ ಇಲಿಗಳ ವೃತ್ತಾಂತವು 1999ರಲ್ಲಿ ಪ್ರಕಟವಾಯಿತು. ನೈಯಾಯಿಕರ ಅನ್ವಯವ್ಯತಿರೇಕಗಳಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಕ್ಕುವುದು ದುರ್ಲಭ. ಒಂದೇ ಗರ್ಭ, ಒಂದೇ ಗೂಡು, ಒಂದೇ ಆಹಾರ. ಆದರೂ ಎರಡು ಕಡೆಯಿಂದಲೂ ಕೆಟ್ಟ ಪಾಲನ್ನು ಪಡೆದ ಮರಿಗೆ ಮಾತ್ರ ರೋಗ. ಒಡಹುಟ್ಟಿದ ಉಳಿದ ಮರಿಗಳಿಗಿಲ್ಲ. ತಾಯಿಯ ಅಪಚಾರವೇ ಹೇತುವಾಗಿದ್ದರೆ ಈ ವಿಭಾಗವು ಹೇಗೆ ಕೂಡೀತು?

ಆದರೆ ಇಲಿಯು ಮಗುವಿಗೆ ಉಪಮಾನವೇ ಹೊರತು ಮಗುವಲ್ಲ. ಗವಯವು ಗೋವನ್ನು ಹೋಲುವುದಾದರೂ ಗೋವಾಗದಷ್ಟೆ. ಸಿ.ಎಲ್.ಎನ್. 3 ಕೆಟ್ಟ ಇಲಿಯ ಕೋಶಗಳಲ್ಲಿ, ಮಕ್ಕಳಲ್ಲಿರುವಂತೆಯೇ ಜೀರ್ಣವಾಗದ ದ್ರವ್ಯವು ಸಂಚಯವಾಗುವುದು. ದೃಷ್ಟಿನಾಶವಾದರೋ ಮಗುವಿಗಿಂತ ಬಹಳ ಸೌಮ್ಯ. ಮನುಷ್ಯನ ಅಕ್ಷಿಪಟಲದ ನಡುವೆ ಸೂಕ್ಷ್ಮದರ್ಶನಕ್ಕಾಗಿರುವ ಪೀತಬಿಂದುವು ಇಲಿಗೆ ಇಲ್ಲವೇ ಇಲ್ಲ. 6 ಮತ್ತು 8ನೆಯ ಪ್ರಭೇದಗಳ ಇಲಿಗಳಲ್ಲಿ ಅಕ್ಷಿಪಟಲವು ಬೇಗನೆ ಕ್ಷಯಿಸುವುದರಿಂದ ಕಣ್ಣಿನ ಚಿಕಿತ್ಸೆಯನ್ನು ಪರೀಕ್ಷಿಸಲು ಅವು ಹೆಚ್ಚು ಉಪಯುಕ್ತ. 2ನೆಯ ಪ್ರಭೇದಕ್ಕೆ ಮಿದುಳಿನೊಳಕ್ಕೆ ಸಲ್ಲಿಸುವ ಔಷಧವೊಂದು 2017ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತಾದರೂ, ಅದು ಕಣ್ಣನ್ನು ಕಾಪಾಡುವುದಿಲ್ಲ. ಆದುದರಿಂದ ಈ ಶೋಧನೆ ಇನ್ನೂ ನಡೆಯಬೇಕಾಗಿದೆ. ತರೀಕೆರೆ ಸೀಮೆಯ ಅಮೃತಾಪುರದ ಶಾಸನವನ್ನು ರಚಿಸಿದ ಜನ್ನನು, 1209ರ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಕ್ಕೂ ಫಲವುಂಟೆಂದು ಕಾಣಿಸಿದ್ದಾನೆ. ಜೀವಂತ ಇಲಿಯನ್ನು ನೋಯಿಸುವವನು, ತನ್ನ ಉಪಮಾನವು ಎಲ್ಲಿಯವರೆಗೆ ಸಲ್ಲುವುದೆಂದು ಮೊದಲೇ ಅಳೆದುಕೊಳ್ಳುವುದು ಧರ್ಮ.

ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವ ರೂಢಿಯುಳ್ಳ ನಮ್ಮ ನಾಡಿನಲ್ಲಿ, ಒಂದೇ ಗುಪ್ತದೋಷವು ವಧೂವರರಿಬ್ಬರಲ್ಲಿಯೂ ಇರುವ ಸಂಭವವು ಹೆಚ್ಚು. ಅಂತಹ ದಂಪತಿಗಳ ಪ್ರತಿಯೊಂದು ಮಗುವಿಗೂ ರೋಗವು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯನ್ನು ಕಾಪಾಡುವವರು ಹೋರಿ, ಹಸು ಎರಡರ ವಂಶವನ್ನೂ ನೋಡುವರಲ್ಲದೆ ಹಸುವನ್ನೊಂದನ್ನೇ ಹಳಿಯರು. ದನಗಳಿಗೆ ಸಲ್ಲುವ ಈ ನ್ಯಾಯವು ಮನುಷ್ಯಸ್ತ್ರೀಗೆ ಸಲ್ಲದಿರುವುದು ಅನುಚಿತ. ಅಂಬಿಕೆಯ ಪ್ರಸಂಗವನ್ನು ಪಾಠ ಹೇಳುವ ಅಧ್ಯಾಪಕರು, ಅದು ಕಾವ್ಯದ ಕಾರಣವೇ ಹೊರತು ರೋಗದ ಕಾರಣವಲ್ಲವೆಂದು ಒಂದು ಮಾತು ಸೇರಿಸಿದರೆ, ಎಷ್ಟೋ ತಾಯಂದಿರ ತಲೆಯ ಮೇಲಿನ ಅಪವಾದವು ಇಳಿಯುವುದು. ಕಣ್ಣು ಮಸುಕಾಗತೊಡಗಿದ ಮಗುವೂ ಕಾಲ ಮೀರದೆ ವೈದ್ಯರ ಬಳಿ ಸೇರುವುದು.