ಯಾರ ಹೆಸರಿಗೆ ಮಸಿ?

ನಮ್ಮ ಹಿರೀಕರು ಸರ್ಕಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೇ ಬಂತು. ಅದರಲ್ಲೇನಿದೆ ಅಂತ ಓದಿ ಹೇಳಿದವರಿಲ್ಲ. ಈಗ ನಾವೇ ಓದುತ್ತೇವೆ. ಕೇಳಿದರೆ ಕಾಗದವೂ ಕೈಗೆ ಬರುತ್ತದೆ. ಆದರೆ ನಡುನಡುವೆ ಮಸಿ ಬಳಿದುಕೊಂಡು ಬರುತ್ತದೆ. ಈ ಮಸಿಗೂ ಒಂದು ಚರಿತ್ರೆಯಿದೆ.

ರಾಜಸ್ಥಾನದಲ್ಲಿ ಸರ್ಕಾರಿ ಕಾಮಗಾರಿಯ ಕೂಲಿಗಳಿಗೆ ಪೂರಾ ಕೂಲಿ ಸಿಗುತ್ತಿರಲಿಲ್ಲ. ಲೆಕ್ಕ ತೋರಿಸಿ ಅಂದರೆ, ಅದು ಗುಟ್ಟು ಅಂದರು. 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕೋಟ್ ಕಿರಾನಾದಲ್ಲಿ ಜನರ ಎದುರೇ ಹಾಜರಿ ಪಟ್ಟಿ ಓದಿಸಿತು. ಕೆಲಸಕ್ಕೇ ಹೋಗದವರ ಹೆಸರಲ್ಲಿ ಕೂಲಿ ಬಟವಾಡೆಯಾಗಿತ್ತು! ಹೆಸರು ಓದಿದ್ದಕ್ಕೇ ಕಳ್ಳತನ ಬಯಲಾಯಿತು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ. ಇಂಥ ಹೋರಾಟಗಳ ಫಲವೇ 2005ರ ಮಾಹಿತಿ ಹಕ್ಕು ಕಾಯ್ದೆ.

ಹಾಗಂತ ಮಸಿಯೇ ಬೇಡ ಅನ್ನುವವರಲ್ಲ ನಾವು. ದೌರ್ಜನ್ಯದ ಕೇಸಿನಲ್ಲಿ ಸಾಕ್ಷಿ ಹೇಳುವ ಕೇರಿಯ ಹೆಣ್ಣುಮಗಳ ಹೆಸರು ಬಯಲಾದರೆ ನಾಳೆ ಆಕೆಗೆ ಕೂಲಿಯಿಲ್ಲ, ನೀರಿಲ್ಲ. 1983ರಲ್ಲೇ ಅತ್ಯಾಚಾರಕ್ಕೆ ಒಳಗಾದವರ ಹೆಸರು ಅಚ್ಚುಮಾಡುವುದು ಅಪರಾಧವಾಯಿತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ, ಜನರ ಕೈಗೆ ಸಿಗುವ ದಾಖಲೆಗಳಲ್ಲಿ ಸಾಕ್ಷಿಯ ಹೆಸರು, ವಿಳಾಸ ಮರೆಮಾಡಲು ವಿಶೇಷ ನ್ಯಾಯಾಲಯ ಹೇಳಬಹುದು. ಇದು ಪ್ರಾಣ ಕಾಯುವ ಮಸಿ.

ಕದಿಯುವ ಮಸಿ ಬೇರೆ. ಮೊದಲು ವೈಯಕ್ತಿಕ ಮಾಹಿತಿ ಅಂತ ನಿರಾಕರಿಸಬೇಕಾದರೆ, ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ, ಇಲ್ಲವೇ ಕೊಟ್ಟರೆ ಒಬ್ಬರ ಖಾಸಗಿತನಕ್ಕೆ ವಿನಾಕಾರಣ ಪೆಟ್ಟು ಬೀಳುತ್ತದೆ ಅಂತ ಅಧಿಕಾರಿ ಕಾಣಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಷರತ್ತುಗಳನ್ನೇ ಕಿತ್ತುಹಾಕಿತು. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಈಗ ‘ವೈಯಕ್ತಿಕ’ ಅಂದರೆ ಸಾಕು. ಹಾಜರಿ ಪಟ್ಟಿಯಲ್ಲಿರುವುದೂ ಹೆಸರುಗಳೇ ತಾನೇ? ಸಾಕ್ಷಿಯ ರಕ್ಷಣೆಗಿದ್ದ ಕೊಡೆಯ ಕೆಳಗೆ ಗುತ್ತಿಗೆದಾರನೂ ಬಂದು ನಿಂತ!

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ, ಗೆಳೆಯರೇ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅನ್ನುವ 8(2)ನೇ ಕಲಂ ಉಳಿದಿದೆ. ಗುಟ್ಟಿನ ಸಾಲು ಬಿಟ್ಟು ಉಳಿದದ್ದನ್ನು ಕೊಡುವಾಗ, ಯಾಕೆ ಬಿಟ್ಟೆ, ಬಿಡುವ ತೀರ್ಮಾನ ಯಾರದು, ಎರಡನ್ನೂ ಬರೆದು ಕೊಡಬೇಕು ಅನ್ನುತ್ತದೆ 10ನೇ ಕಲಂ. ಮಸಿ ಬಳಿದ ಕಾಗದ ಬಂದರೆ ಸುಮ್ಮನೆ ಮಡಿಸಿಡಬೇಡಿ. ಕಾರಣ ಕೇಳಿ. ಬಳಿದವರ ಹೆಸರು, ಹುದ್ದೆ ಕೇಳಿ. ಊರಿನ ಮೇಷ್ಟ್ರು ಅದನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಲಿ.

ಈ ಮಸಿಯಿಂದ ಇವತ್ತು ರಾತ್ರಿ ನೆಮ್ಮದಿಯಾಗಿ ಮಲಗುವವರು ಯಾರು? ಸಾಕ್ಷಿ ಹೇಳಿದ ಅವ್ವನೋ, ಕೂಲಿ ಕದ್ದ ಧಣಿಯೋ? ಅಷ್ಟು ಕೇಳಿಕೊಂಡರೆ ಸಾಕು, ಅದು ಯಾವ ಮಸಿ ಅಂತ ಗೊತ್ತಾಗುತ್ತದೆ.