ಹೆದ್ದಾರಿ ಗಸ್ತು ಸಿಬ್ಬಂದಿ

ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತ ವಾಹನವನ್ನು ಕಾಯುವ, ಅಪಘಾತವಾದಲ್ಲಿ ಸಂಚಾರವನ್ನು ಪಕ್ಕಕ್ಕೆ ತಿರುಗಿಸುವ ಕೆಲಸದಲ್ಲಿ ಪೊಲೀಸರಲ್ಲದ ಗಸ್ತು ಸಿಬ್ಬಂದಿಯ ಪಾಲು ದೊಡ್ಡದು. ಟೋಲ್ ರಸ್ತೆಗಳ ಜೊತೆಗೇ ಬೆಳೆದ ವೃತ್ತಿಯಿದು.

ಅದಕ್ಕೂ ಹಿಂದೆ ರಸ್ತೆಯ ಕಾವಲು ದಾರಿಹೋಕರ ಪಾಲಿಗೇ ಇತ್ತು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೆ ಹೋಗುವ ದಾರಿಯಲ್ಲಾಗಲಿ, ಹಂಪಾಪುರದ ಮೇಲೆ ಎಚ್.ಡಿ. ಕೋಟೆಗೆ ಹೋಗುವ ದಾರಿಯಲ್ಲಾಗಲಿ ಲಾರಿ ಕೆಟ್ಟರೆ ಕ್ಲೀನರ್ ಚಕ್ರಕ್ಕೆ ಕಲ್ಲು ಕೊಟ್ಟು, ಹಸಿ ಸೊಪ್ಪಿನ ಕೊಂಬೆ ಮುರಿದು ತಂದು ಹಿಂದೆ ಹಾಕುತ್ತಿದ್ದ. ಲಾರಿ ಹೊರಟ ಮೇಲೂ ಕಲ್ಲು ಅಲ್ಲೇ ಉಳಿದರೆ ರಾತ್ರಿ ಬರುವ ಬೈಕಿನವರಿಗೆ ಅಪಾಯ. ಗಾಯಾಳುಗಳನ್ನು ಎತ್ತಿ ಸಾಗಿಸುತ್ತಿದ್ದವರು ಊರಿನವರು. ಠಾಣೆ, ಕೋರ್ಟು ಅಲೆಯಬೇಕಾದೀತೆಂಬ ಅಂಜಿಕೆಯಿಂದ ಹಿಂಜರಿದವರೂ ಉಂಟು. ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ನೆರವಾದವರಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 2016ರ ಸುಪ್ರೀಂ ಕೋರ್ಟ್ ಆದೇಶ ಮತ್ತು 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಿಂದ.

1988ರ ಕಾಯ್ದೆಯಡಿ ರೂಪುಗೊಂಡ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 1995ರಲ್ಲಿ ಕೆಲಸ ಆರಂಭಿಸಿತು. ಟೋಲ್ ರಸ್ತೆಗಳ ನಿರ್ವಹಣೆಯಲ್ಲಿ ಗಸ್ತು ವಾಹನ, ಆಂಬುಲೆನ್ಸ್, ಕ್ರೇನ್ ಸೇರಿಕೊಂಡವು. 2018ರಲ್ಲಿ 1033 ಸಹಾಯವಾಣಿ ಬಂತು. 2024ರಲ್ಲಿ ಗಸ್ತು ವಾಹನಗಳು ‘ರಾಜಮಾರ್ಗ ಸಾಥಿ’ ಎಂಬ ಹೊಸ ರೂಪ ಪಡೆದವು. ರಸ್ತೆಯ ಬಿರುಕು, ಗುಂಡಿಗಳನ್ನು ಗುರುತಿಸುವ ಕ್ಯಾಮೆರಾ ಅವುಗಳಿಗೆ ಬಂತು.

ಸ್ಥಳಕ್ಕೆ ಬಂದ ಸಿಬ್ಬಂದಿ ಮೊದಲು ತಮ್ಮ ವಾಹನವನ್ನು ಕೆಟ್ಟ ವಾಹನದ ಹಿಂದೆ, ದೀಪ ಮಿನುಗಿಸುತ್ತ ನಿಲ್ಲಿಸುತ್ತಾರೆ. ಸಾಕಷ್ಟು ಹಿಂದಿನಿಂದಲೇ ಓರೆಯಾಗಿ ಕೋನ್‌ಗಳನ್ನಿಟ್ಟು, ಬಾವುಟ ಬೀಸಿ ವೇಗ ತಗ್ಗಿಸುತ್ತಾರೆ. ಕ್ರೇನ್ ವಾಹನವನ್ನು ಎಳೆದ ಮೇಲೆ ಗಾಜಿನ ಚೂರು ಗುಡಿಸಿ ದಾರಿ ಬಿಡುತ್ತಾರೆ. ದಂಡ ಹಾಕುವ, ಬಂಧಿಸುವ ಅಧಿಕಾರ ಅವರಿಗಿಲ್ಲ. ಇಂಗ್ಲೆಂಡಿನಲ್ಲಿ 2004ರ ಕಾಯ್ದೆ ಇಂಥದೇ ನಾಗರಿಕ ಅಧಿಕಾರಿಗಳಿಗೆ ಸಂಚಾರ ತಡೆಯುವ, ತಿರುಗಿಸುವ ಕಾನೂನುಬದ್ಧ ಅಧಿಕಾರ ಕೊಟ್ಟಿತು. ಒಂದು ಅಪಘಾತದ ಬೆನ್ನಿಗೇ ಇನ್ನೊಂದಾಗದಂತೆ ತಡೆಯುವುದೇ ಎರಡೂ ಕಡೆ ಈ ಕೆಲಸದ ತಿರುಳು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಈ ಕೆಲಸದ ಅಗತ್ಯವನ್ನು ಎತ್ತಿ ತೋರಿಸಿತು. ಅಪಘಾತಗಳು ಹೆಚ್ಚಿದಾಗ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥ ನಿಷೇಧವಾಯಿತು. ಇದೇ ರಾಷ್ಟ್ರೀಯ ಹೆದ್ದಾರಿ 275 ಮುಂದೆ ಹುಣಸೂರಿನ ಮೇಲೆ ಸಾಗುತ್ತದೆ. ಆದರೆ 1033 ಇರುವುದು ರಾಷ್ಟ್ರೀಯ ಹೆದ್ದಾರಿಗಳಿಗೆ; ಹಂಪಾಪುರ ಮಾರ್ಗದಂಥ ರಾಜ್ಯ ಹೆದ್ದಾರಿಗಳಲ್ಲಿ ತುರ್ತು ಸಂಖ್ಯೆಗಳಾದ 112, 108 ಮತ್ತು ಊರಿನವರೇ ಆಸರೆ.