ಬೈಕ್ ಮೇಲೆ ಮಕ್ಕಳು

ಪೆಟ್ರೋಲ್ ಟ್ಯಾಂಕಿನ ಮೇಲೆ ಮಗು, ಹಿಂದಿನ ಸೀಟಿನಲ್ಲಿ ತಾಯಿ: ಭಾರತದ ರಸ್ತೆಗಳಲ್ಲಿ ಇದು ನಿತ್ಯದ ನೋಟ. ದ್ವಿಚಕ್ರ ವಾಹನದಲ್ಲಿ ಮಗುವನ್ನು ಕರೆದೊಯ್ಯಲು ಇಲ್ಲಿ ಕನಿಷ್ಠ ವಯಸ್ಸು ಗೊತ್ತುಪಡಿಸಿಲ್ಲ.

ಆದರೆ ಷರತ್ತುಗಳಿವೆ. 2022ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಬೇಕು. ಸವಾರನ ಮೈಗೆ ಮಗುವನ್ನು ಬಿಗಿಯುವ, 30 ಕಿಲೋ ತಾಳಬಲ್ಲ ಸುರಕ್ಷತಾ ಪಟ್ಟಿ ಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಇವು ಜಾರಿಗೆ ಬಂದದ್ದು ಒಂದು ವರ್ಷದ ಬಳಿಕ. ಗಾಳಿಗೆ ಕಣ್ಣು ಮುಚ್ಚಿ ತೂಕಡಿಸುವ ಮಗುವಿನ ಕೈಹಿಡಿತ ತಾನಾಗಿ ಸಡಿಲವಾಗುತ್ತದೆ. ಪಟ್ಟಿಯ ಬೆಲೆ ತಿಳಿಯುವುದು ಆಗಲೇ.

ಫಿಲಿಪ್ಪೀನ್ಸ್‌ನ 2015ರ ಕಾಯ್ದೆ ವಯಸ್ಸಿಗಿಂತ ಮೈಯಳತೆಯನ್ನು ನೋಡುತ್ತದೆ. ವಾಹನದಟ್ಟಣೆಯ ರಸ್ತೆಗಳಲ್ಲಿ ಮಗುವಿನ ಪಾದ ಫುಟ್‌ರೆಸ್ಟ್‌ಗೆ ಎಟುಕಬೇಕು, ಕೈಗಳು ಸವಾರನ ಸೊಂಟ ಬಳಸಬೇಕು, ತಲೆಗೆ ಹೆಲ್ಮೆಟ್ ಇರಬೇಕು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 8 ತುಂಬದವರಿಗೆ ಸೈಡ್‌ಕಾರ್ ಮಾತ್ರ.